ಪೆಟ್ರೋಲ್ ಬಂಕಿನಲ್ಲಿ ನಮ್ಮ ಮಿಷನ್‌ಗೂ ಒಂದು ಪೈಪು ಇರಲಿ

ಮಾನ್ಯ ಸಂಪಾದಕರೇ,

ಎಥೆನಾಲ್ (ಕಬ್ಬು ಮುಂತಾದವುಗಳಿಂದ ತೆಗೆಯುವ ಮದ್ಯಸಾರ) ಬೆರೆಸಿದ ಪೆಟ್ರೋಲಿನ ಬಗ್ಗೆ ಓದುಗರು ಬರೆಯುವ ಪತ್ರಗಳನ್ನು ಒಂದೂ ಬಿಡದೆ ಓದುತ್ತಿದ್ದೇನೆ. ಕಾರಿನ ಮೈಲೇಜ್ ಇಳಿಯಿತು ಅಂತ ಒಬ್ಬರು, ಇಳಿಯಲೇ ಇಲ್ಲ ಅಂತ ಇನ್ನೊಬ್ಬರು, ಬುಲೆಟ್ ಬೈಕಿನ ವಾಷರ್ ಉಬ್ಬಿತು ಅಂತ ಮತ್ತೊಬ್ಬರು. ಇರಲಿ. ಮಲೆನಾಡಿನ ತೋಟದ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲದ ಪಕ್ಕ, ಗೋಣಿತಾಟು ಹೊದ್ದು ಮಲಗಿರುವ ಒಂದು ಜಾತಿಯ ಮಿಷನ್ ಪರವಾಗಿ ಯಾರೂ ಬರೆಯಲಿಲ್ಲ. ಮರ ಕೊಯ್ಯುವ ಚೈನ್ ಸಾ, ಕಳೆ ಹೊಡೆಯುವ ಮಿಷನ್, ಬೆನ್ನಿಗೆ ಹಾಕುವ ಪವರ್ ಸ್ಪ್ರೇಯರ್. ಎಲ್ಲವೂ ಟೂ ಸ್ಟ್ರೋಕ್ ಎಂಜಿನ್. ಅವುಗಳ ಹೊಟ್ಟೆ ಬಿಚ್ಚಿ ನೋಡುವುದೇ ನಲವತ್ತು ವರ್ಷದಿಂದ ನನ್ನ ಕಸುಬಾದ್ದರಿಂದ ನಾನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿಸುವುದಾದರೆ ಕೊನೆಯ ಭಾಗ ಉಳಿಸಿಕೊಳ್ಳಿ, ನನ್ನ ಪುರಾಣ ಹೋದರೂ ಅಡ್ಡಿಯಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನವನು. ವಯಸ್ಸು ಅರವತ್ತನಾಲ್ಕು. ಹುಡುಗನಾಗಿದ್ದಾಗ ಮೈಸೂರಿನ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೆ ಸೇರಿದೆ. ಆಗ ಆ ಊರಿನ ತುಂಬ ಜಾವಾ, ಯೆಜ್ಡಿ. ಅಲ್ಲೇ ತಯಾರಾಗುತ್ತಿದ್ದ ಗಾಡಿಗಳು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ. ಟೂ ಸ್ಟ್ರೋಕ್ ಅಂದರೆ ಏನು ಅಂತ ನನಗೆ ಕಲಿಸಿದ್ದು ಯೆಜ್ಡಿ. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು, ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲ್ ಕೆಟ್ಟರೆ ಎಂಜಿನ್‌ನ ಊಟವೂ ಕೆಟ್ಟಿತು, ನೀರೂ ಕೆಟ್ಟಿತು. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಊರಿಗೆ ವಾಪಸು ಬಂದ ಮೇಲೆ ಬೈಕಿಗಿಂತ ತೋಟದ ಮಿಷನ್ ಕೆಲಸವೇ ಜಾಸ್ತಿಯಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಶುರುವಾದರೆ ಅಂಗಡಿ ಮುಂದೆ ಹತ್ತು ಹನ್ನೆರಡು ಚೈನ್ ಸಾ ಸಾಲಾಗಿ ಕೂತಿರುತ್ತವೆ, ಡಾಕ್ಟರ ಮುಂದೆ ಜ್ವರದವರು ಕೂತ ಹಾಗೆ. ಬಹುಪಾಲು ಹೊಸವು, ಹಗುರದವು. ಅವನ್ನು ರಿಪೇರಿ ಮಾಡಿ ದುಡ್ಡು ತಗೊಳ್ಳುತ್ತೇನೆ. ಹಳೆಯವನ್ನು ಮಾತ್ರ ನನ್ನ ಖುಷಿಗೆ ಮಾಡುತ್ತೇನೆ. ಅಟ್ಟದ ಮೇಲೆ ಈಗ ಏಳು ಇವೆ, ನಾಲ್ಕು ಓಡುತ್ತವೆ. ಅದರಲ್ಲಿ ದೊಡ್ಡದು ಜರ್ಮನಿಯ ಸ್ಟಿಲ್ ಕಂಪನಿಯ 070 ಅನ್ನುವ ಚೈನ್ ಸಾ.

ಇದು ಸಿಕ್ಕಿದ್ದು 2016ರಲ್ಲಿ. ಬಾಳೂರಿನ ಕಡೆಯ ಗೌಡರೊಬ್ಬರ ಗೋದಾಮು ಖಾಲಿ ಮಾಡುವಾಗ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪರ್ ಹಿಂದೆ ಬಿದ್ದಿತ್ತು. ಗುಜರಿಯವನು ಆಗಲೇ ತಕ್ಕಡಿಗೆ ಹಾಕಿದ್ದ. "ಏನ್ ಮಾರಾಯ, ಕಬ್ಬಿಣದ ರೇಟಲ್ಲಿ ಹೋಗೋದನ್ನ ಕೈಗೆತ್ತಿಕೊಂಡು ನೋಡ್ತಿದ್ದೀಯಲ್ಲ" ಅಂದರು ಗೌಡರು. "ಗೌಡ್ರೇ, ಇದು ಕಬ್ಬಿಣ ಅಲ್ಲ, ಮೆಗ್ನೀಸಿಯಂ" ಅಂದೆ. "ಹಂಗಾದ್ರೆ ಜಾಸ್ತಿ ರೇಟಾ?" ಅಂತ ಅವರು ಕೇಳಿದ್ದು ಇನ್ನೂ ನೆನಪಿದೆ. ಕೊನೆಗೆ ಅವರ ಎರಡು ಸ್ಪ್ರೇಯರ್ ಪುಕ್ಕಟೆ ಸರ್ವೀಸ್ ಮಾಡಿಕೊಡುವ ಲೆಕ್ಕದಲ್ಲಿ ವ್ಯಾಪಾರ ಕುದುರಿತು.

106 ಸಿ.ಸಿ. ಎಂಜಿನ್. ನಮ್ಮ ಸ್ಕೂಟರುಗಳ ಎಂಜಿನ್ನಿನಷ್ಟೇ ದೊಡ್ಡದನ್ನು ಒಬ್ಬ ಮನುಷ್ಯ ಕೈಯಲ್ಲಿ ಹಿಡಿಯಬೇಕು. ಬಾರು (ಚೈನು ಸುತ್ತುವ ಉದ್ದನೆಯ ಪಟ್ಟಿ), ಚೈನು ಬಿಟ್ಟೇ ಹತ್ತು ಕೆ.ಜಿ.ಗೆ ಮೇಲೆ. ಈಗಿನ ಮಿಷನ್‌ಗಳಲ್ಲಿ ಕೈ ನಡುಗದ ಹಾಗೆ ರಬ್ಬರ್ ಬುಷ್, ಸ್ಪ್ರಿಂಗ್ ಇರುತ್ತವಲ್ಲ, ಇದರಲ್ಲಿ ಅದ್ಯಾವುದೂ ಇಲ್ಲ. ಮಿಷನ್ ಹಿಂದಕ್ಕೆ ಚಿಮ್ಮಿದರೆ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕೂ ಇಲ್ಲ. ಹಿಡಿ ನೇರ ಎಂಜಿನ್ ಮೈಗೇ ಬೋಲ್ಟ್ ಆಗಿದೆ. ಇದರ ಮೂಲಪುರುಷ ಕಾಂಟ್ರಾ ಅನ್ನುವ ಮಾಡೆಲ್, 1959ರಲ್ಲಿ ಬಂದದ್ದು. ಅದಕ್ಕೂ ಮೊದಲು ಆ ಕಂಪನಿಯ ಚೈನ್ ಸಾಗಳಲ್ಲಿ ಎಂಜಿನ್ನಿಗೂ ಚೈನಿಗೂ ನಡುವೆ ಗೇರ್ ಇರುತ್ತಿತ್ತು. ಕಾಂಟ್ರಾದಲ್ಲಿ ಗೇರ್ ಕಿತ್ತು ಹಾಕಿ ಕ್ಲಚ್ಚಿನ ಡ್ರಮ್ಮಿನಿಂದಲೇ ಚೈನ್ ಎಳೆಸಿದರು. ಗೇರಿನ ತೂಕ ಹೋಯಿತು, ಚೈನಿನ ವೇಗ ಏರಿತು. ಅದೇ ಕಂಪನಿ 1929ರಲ್ಲಿ ಮಾಡಿದ ಮೊದಲ ಪೆಟ್ರೋಲ್ ಗರಗಸದ ತೂಕ 46 ಕೆ.ಜಿ., ಎತ್ತಲು ಇಬ್ಬರು ಬೇಕು. ಮೂವತ್ತು ವರ್ಷದಲ್ಲಿ ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ಮಾತಲ್ಲ.

ಬಿಚ್ಚಿದಾಗ ಪಿಸ್ಟನ್ ಅಲುಗಾಡಲಿಲ್ಲ. ಪ್ಲಗ್ ತೆಗೆದು, ಡೀಸೆಲ್ಲೂ ಆಯಿಲ್ಲೂ ಸಮ ಬೆರೆಸಿ ಸಿಲಿಂಡರಿಗೆ ಬಿಟ್ಟು, ಎಂಟು ದಿನ ಹಾಗೇ ಇಟ್ಟೆ. ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಹೋಗಿ ಫ್ಲೈವೀಲ್ ಹಿಡಿದು ಒಂದು ಸಲ ಅಲ್ಲಾಡಿಸುವುದು. ಒಂಬತ್ತನೇ ದಿನ ಕೂದಲೆಳೆಯಷ್ಟು ಜರುಗಿತು. ಅವಸರ ಮಾಡಿ ಸುತ್ತಿಗೆ ಎತ್ತಿದ್ದರೆ ಅಂದೇ ಕತೆ ಮುಗಿಯುತ್ತಿತ್ತು.

ಕಿಡಿ ಇರಲಿಲ್ಲ. ಹಳೇ ಮಿಷನ್‌ಗಳಲ್ಲಿ ಕಿಡಿ ಕೊಡುವುದು ಫ್ಲೈವೀಲಿನ ಕೆಳಗೆ ಕೂತಿರುವ ಪಾಯಿಂಟ್, ಅದರ ಜೊತೆ ಒಂದು ಕಂಡೆನ್ಸರ್. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು. ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿದವರು ಎಷ್ಟು ಫ್ಲೈವೀಲ್ ರೆಕ್ಕೆ ಮುರಿದಿದ್ದಾರೋ ಲೆಕ್ಕವಿಲ್ಲ. ತೆಗೆದು ನೋಡಿದರೆ ಪಾಯಿಂಟಿನ ಮೂತಿ ಕಪ್ಪಗೆ, ಮೇಲೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು ಬೇರೆ. ನುಣುಪು ಎಮರಿ ಕಾಗದದಲ್ಲಿ ಉಜ್ಜಿ, ಫೀಲರ್ ಗೇಜಿನಲ್ಲಿ 0.4 ಮಿ.ಮೀ. ಸಂದು ಕೊಟ್ಟೆ. ಕಿಡಿ ಬಂತು, ಆದರೆ ಹಳದಿ, ಸೊರಗಿದ ಕಿಡಿ. ಅಂದರೆ ಕಂಡೆನ್ಸರ್ ಹೋಗಿದೆ. ಅಸಲಿ ಪಾರ್ಟ್ ಎಲ್ಲಿ ತರಲಿ? ನನ್ನ ಹಳೇ ಡಬ್ಬಿಯಲ್ಲಿ ಯೆಜ್ಡಿಯ ಕಂಡೆನ್ಸರ್ ಒಂದಿತ್ತು. ಒಳಗೆ ಹಿಡಿಸಲಿಲ್ಲ, ವೈರು ಹೊರಗೆ ತಂದು ಕವರಿನ ಕೆಳಗೆ ಕೂರಿಸಿದೆ. ನೀಲಿ ಕಿಡಿ, ಚಟ್ ಅನ್ನುವ ಸದ್ದಿನೊಂದಿಗೆ. ಮೈಸೂರಿನ ಕಂಡೆನ್ಸರಿನಲ್ಲಿ ಜರ್ಮನಿಯ ಗರಗಸ ಇವತ್ತಿಗೂ ಓಡುತ್ತಿದೆ.

ಕಾರ್ಬೊರೇಟರಿನಲ್ಲಿ ಬೈಕಿನದರ ಹಾಗೆ ತೇಲುವ ಫ್ಲೋಟ್ ಇರುವುದಿಲ್ಲ, ಇದ್ದರೆ ಮಿಷನ್ ವಾಲಿಸಿದ ಕೂಡಲೇ ಪೆಟ್ರೋಲ್ ಚೆಲ್ಲುತ್ತದೆ. ಅದರ ಬದಲು ತೆಳುವಾದ ಒಂದು ಪರದೆ, ಡಯಾಫ್ರಾಮ್. ಎಂಜಿನ್ನಿನ ಉಸಿರಿಗೆ ತಕ್ಕಂತೆ ಅದು ಮಿಡಿದು ಪೆಟ್ರೋಲ್ ಎಳೆಯುತ್ತದೆ. ಮರಕ್ಕೆ ಅಡ್ಡ ಹಿಡಿಯಿರಿ, ತಲೆಕೆಳಗು ಮಾಡಿ, ಓಡುತ್ತಲೇ ಇರುತ್ತದೆ. ಇಷ್ಟು ದೊಡ್ಡ ಮಿಷನ್ ಅನ್ನು ಒಬ್ಬನೇ ಬೇಕಾದ ಹಾಗೆ ತಿರುಗಿಸಿ ಕೊಯ್ಯುತ್ತಾನೆ ಅಂದರೆ ಅದಕ್ಕೆ ಕಾರಣ ಆ ಪರದೆ. ನನಗೆ ಸಿಕ್ಕಿದ ಮಿಷನ್‌ನಲ್ಲಿ ಅದು ಒಣಗಿ ಹಪ್ಪಳವಾಗಿತ್ತು, ಬೆರಳು ತಾಗಿದರೆ ಚೂರು. ಬೆಂಗಳೂರಿನಿಂದ ಕಿಟ್ ತರಿಸಿ ಹಾಕಿದೆ. ಈ ಪರದೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರದ್ದೇ ರಗಳೆ.

ಚೈನಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಮೆರಿಕದ ಆರೆಗನ್ ರಾಜ್ಯದ ಜೋ ಕಾಕ್ಸ್ ಎಂಬ ಮರಕಡಿಯುವವನು 1946ರಲ್ಲಿ ಸೌದೆ ಒಡೆಯುವಾಗ ಮರದ ಬೊಡ್ಡೆಯೊಳಗೆ ಒಂದು ಹುಳ ನೋಡಿದನಂತೆ. ಹೆಬ್ಬೆರಳು ಗಾತ್ರದ ದುಂಬಿಯ ಮರಿ. ಅದರ ದವಡೆ ಎಡಕ್ಕೊಂದು ಬಲಕ್ಕೊಂದು ಬಾಗಿದ ಉಳಿಯ ಹಾಗೆ, ಮರದ ನಾರಿಗೆ ಅಡ್ಡವಾಗಲೀ ಉದ್ದವಾಗಲೀ ಸಲೀಸಾಗಿ ಕೊರೆದುಕೊಂಡು ಹೋಗುತ್ತಿತ್ತು. ಅವನು ಅದೇ ಆಕಾರದ ಹಲ್ಲನ್ನು ಉಕ್ಕಿನಲ್ಲಿ ಮಾಡಿ, ಒಂದು ಎಡ ಒಂದು ಬಲ ಜೋಡಿಸಿ ಚೈನ್ ಕಟ್ಟಿದ. ಅದುವರೆಗಿನ ಚೈನುಗಳು ಮರವನ್ನು ಕೆರೆಯುತ್ತಿದ್ದವು, ಇದು ಹತ್ರಿ ಹಿಡಿದ ಹಾಗೆ ಸೀಳಿ ಎತ್ತಿತು. ಇವತ್ತು ನಮ್ಮ ಅಂಗಡಿಗೆ ಬರುವ ಪ್ರತಿ ಚೈನಿನ ಹಲ್ಲೂ ಆ ಹುಳದ ದವಡೆಯೇ. ತಮಾಷೆ ಏನು ಗೊತ್ತೇ? ನಮ್ಮ ಅರೇಬಿಕಾ ಗಿಡ ತಿಂದು ಹಾಕುವ ಬಿಳಿ ಕಾಂಡಕೊರಕ ಇದೆಯಲ್ಲ, ಅದೂ ಆ ಹುಳವೂ ಒಂದೇ ಕುಟುಂಬದ ದುಂಬಿಗಳು. ತೋಟ ಹಾಳು ಮಾಡುವವನ ದಾಯಾದಿಯಿಂದ ನಮ್ಮ ಹೊಟ್ಟೆಪಾಡು.

ನಾಲ್ಕು ತಿಂಗಳ ಕೆಲಸದ ಮೇಲೆ ಮಿಷನ್ ಎದ್ದು ನಿಂತಿತು. ಹಗ್ಗ ಎಳೆಯುವಾಗ ಕೈ ಬಿಟ್ಟು ಹೋಗುವ ಹಾಗೆ ಜಗ್ಗುತ್ತದೆ, ಎರಡು ಸಲ ನನ್ನ ಬೆರಳಿನ ಗಿಣ್ಣು ಊದಿದೆ. ಹೊಸ ಮಿಷನ್ ಸೊಳ್ಳೆಯಂತೆ ಕೀರಲು, ನಿಮಿಷಕ್ಕೆ 13 ಸಾವಿರ ಸುತ್ತಿನ ಆಸುಪಾಸು ಹೋಗುತ್ತದೆ. ಇದರದ್ದು ಹೆಚ್ಚುಕಡಿಮೆ ಅದರ ಅರ್ಧ ಸುತ್ತು, ಗಡಸು ದನಿ. ಆದರೆ ಮೂರಡಿ ದಪ್ಪದ ಹಲಸಿನ ಬೊಡ್ಡೆಗೆ ಇಟ್ಟರೆ ದನಿ ಇಳಿಯುವುದಿಲ್ಲ. ಅರಿಸಿನ ಬಣ್ಣದ ಪುಡಿ ಕಾಲ ಮೇಲೆ ರಾಶಿ ಬೀಳುತ್ತದೆ. ಪುಡಿ ಅಂದೆನಲ್ಲ, ತಪ್ಪು. ಚೈನು ಹದವಾಗಿದ್ದರೆ ಬೀಳಬೇಕಾದ್ದು ಅವಲಕ್ಕಿಯಂಥ ಚಕ್ಕೆ. ಹಿಟ್ಟಿನಂತೆ ಪುಡಿ ಬಿದ್ದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ, ನಿಲ್ಲಿಸಿ ಐದೂವರೆ ಮಿಲಿಮೀಟರಿನ ಉರುಟು ಅರ ತಗೊಂಡು ಕೂರಬೇಕು.

ಹಳೇ ಮಿಷನ್ ಅಂದರೆ ಬರೀ ಹೊಗಳಿಕೆ ಅಂದುಕೊಳ್ಳಬೇಡಿ. ಧನುರ್ಮಾಸದ ಚಳಿಯಲ್ಲಿ ನನ್ನ ಬಲಗೈಯ ಎರಡು ಬೆರಳು ಸುಣ್ಣದಂತೆ ಬೆಳ್ಳಗಾಗುತ್ತವೆ, ಜುಮ್ಮೆನ್ನುತ್ತವೆ, ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕು. ನಡುಗುವ ಮಿಷನ್ ವರ್ಷಗಟ್ಟಲೆ ಹಿಡಿದವರಿಗೆ ಬರುವ ಕಾಯಿಲೆ ಅಂತ ಡಾಕ್ಟರು ಹೇಳಿದರು. ಹಾಗಾಗಿ 070 ಅನ್ನು ದಿನದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸುವುದಿಲ್ಲ. ಕೂಲಿ ಕೆಲಸಕ್ಕೆ ಹೋಗುವ ಹುಡುಗರ ಕೈಗೆ ಅದನ್ನು ಕೊಡುವುದೂ ಇಲ್ಲ. ಅವರಿಗೆ ಚೈನ್ ಬ್ರೇಕ್ ಇರುವ ಮಿಷನ್ನೇ ಇರಲಿ.

ಈಗ ಕಳೆದ ವರ್ಷದ ಜೂನ್‌ಗೆ ಬರುತ್ತೇನೆ.

ಮಳೆ ಹಿಡಿದು ನಾಲ್ಕನೇ ದಿನ. ನಮ್ಮ ಮನೆಗೆ ಬರುವ ರಸ್ತೆಗೆ ಒಂದು ಹಳೇ ಹಲಸಿನ ಮರ ಬೇರು ಸಮೇತ ಅಡ್ಡ ಬಿತ್ತು, ಕರೆಂಟ್ ಕಂಬವನ್ನೂ ಎಳೆದುಕೊಂಡು. ಆಚೆ ಮನೆಯ ಬಸುರಿ ಹುಡುಗಿಯನ್ನು ಮಾರನೇ ದಿನ ಚಿಕ್ಕಮಗಳೂರಿಗೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಹುಡುಗರ ಸಣ್ಣ ಮಿಷನ್‌ನ ಬಾರು ಆ ಬೊಡ್ಡೆಗೆ ಅರ್ಧಕ್ಕೂ ಮುಟ್ಟಲಿಲ್ಲ. "ಅಣ್ಣ, ನಿಮ್ಮ ಅಜ್ಜನ್ನ ಇಳಿಸಿ" ಅಂದರು. ಅಟ್ಟದಿಂದ 070 ಇಳಿಸಿದೆ. ಶೆಡ್ಡಿನಲ್ಲಿ ಯುಗಾದಿ ಹೊತ್ತಿಗೆ ಆಯಿಲ್ ಕಲಸಿಟ್ಟ ಪೆಟ್ರೋಲ್ ಕ್ಯಾನ್ ಇತ್ತು, ಅರ್ಧ ಖಾಲಿ. ಮುಚ್ಚಳದ ವಾಷರ್ ಬಿರಿದಿತ್ತು, ಮೇಲೆ ಹಂಚು ಸೋರುತ್ತಿತ್ತು. ಈ ಎರಡು ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಅಲ್ಲಾಡಿಸಿ ಟ್ಯಾಂಕಿಗೆ ಸುರಿದೆ.

ಮೊದಲ ಕೊಯ್ತ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಮುಕ್ಕರಿಯಿತು. ಮತ್ತೆ ಎಳೆದೆ, ಓಡಿತು, ಮತ್ತೆ ಮುಕ್ಕರಿಯಿತು. ಮೂರನೇ ಸಲ ದನಿ ಇದ್ದಕ್ಕಿದ್ದಂತೆ ತೆಳುವಾಗಿ ಏರಿತು. ಆ ದನಿ ಕೇಳಿದ ಕೂಡಲೇ ಕೈ ಬಿಡಬೇಕಿತ್ತು, ನಲವತ್ತು ವರ್ಷದ ಅನುಭವ ಯಾಕೆ ಬೇಕು ಮತ್ತೆ? ಬಿಡಲಿಲ್ಲ. ಕಿರ್ ಅಂದು ನಿಂತಿತು. ಹಗ್ಗ ಎಳೆದರೆ ಗೋಡೆಗೆ ಕಟ್ಟಿದ ಹಗ್ಗ ಎಳೆದ ಹಾಗೆ. ಉಳಿದ ಅರ್ಧ ಬೊಡ್ಡೆಯನ್ನು ಕೊಡಲಿಯಲ್ಲಿ ಕಡಿದು, ಬೆಳಗಿನ ಜಾವ ಎರಡಕ್ಕೆ ರಸ್ತೆ ಬಿಡಿಸಿದೆವು.

ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದರೆ, ಹೊಗೆ ಹೋಗುವ ಬದಿಯಲ್ಲಿ ಪಿಸ್ಟನ್ ಮೇಲೆ ಬೆಕ್ಕು ಪರಚಿದ ಹಾಗೆ ಗೀರು. ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿತ್ತು. ಟ್ಯಾಂಕಿನ ತಳದಲ್ಲಿ ಬಿಳಿ ಬೂದಿಯಂಥ ಪುಡಿ, ಮೆಗ್ನೀಸಿಯಂ ತಿಂದುಹೋದದ್ದು. ಎಂಟು ತಿಂಗಳ ಹಿಂದಷ್ಟೇ ಹಾಕಿದ ಡಯಾಫ್ರಾಮ್ ಸುಕ್ಕುಗಟ್ಟಿ ಬಿರುಸಾಗಿತ್ತು. ಮೊದಲು ಹಾಕಿದ್ದ ಅದೇ ಜಾತಿಯ ಕಿಟ್ ಆರು ವರ್ಷ ಬಂದಿತ್ತು, ಸಂಪಾದಕರೇ.

ಕ್ಯಾನಿನಲ್ಲಿ ಉಳಿದದ್ದನ್ನು ಗಾಜಿನ ಜಾಡಿಗೆ ಬಗ್ಗಿಸಿದೆ. ಮೇಲೆ ಆಯಿಲ್ಲಿನ ಬಣ್ಣದ ಪೆಟ್ರೋಲ್, ಕೆಳಗೆ ಎರಡು ಬೆರಳು ದಪ್ಪ ಬಣ್ಣವೇ ಇಲ್ಲದ ಬೇರೆ ಪದರ. ನಡುವೆ ಗೆರೆ ಎಳೆದ ಹಾಗೆ.

ಅನುಮಾನಕ್ಕೆ ಮೊಮ್ಮಗನ ಹಾಲಿನ ಬಾಟಲಿ ತಂದೆ. ಅದರ ಮೇಲೆ ಎಂ.ಎಲ್. ಗುರುತು ಇರುತ್ತದಲ್ಲ. (ಈಗ ಅದು ಅಂಗಡಿಯದು. ಮಗಳು ಅವತ್ತೇ ಹೊಸದು ತರಿಸಿದಳು, ಎರಡು ದಿನ ಮಾತೂ ಬಿಟ್ಟಳು.) ಬಂಕಿನಿಂದ ಅದೇ ತಾನೇ ತಂದ ಪೆಟ್ರೋಲ್. 50ರ ಗುರುತಿನವರೆಗೆ ನೀರು, ಅದರ ಮೇಲೆ 150ರವರೆಗೆ ಪೆಟ್ರೋಲ್. ಮುಚ್ಚಿ ಚೆನ್ನಾಗಿ ಕುಲುಕಿ, ಮುಚ್ಚಳ ಸ್ವಲ್ಪ ಸಡಿಲಿಸಿ ಗಾಳಿ ಬಿಟ್ಟು, ಹತ್ತು ನಿಮಿಷ ಇಟ್ಟೆ. ನೀರಿನ ಗೆರೆ 50ರಲ್ಲಿ ಇರಬೇಕಲ್ಲ? 70ರ ಹತ್ತಿರ ಬಂದು ನಿಂತಿತು. ನೂರು ಎಂ.ಎಲ್. ಪೆಟ್ರೋಲಿನಲ್ಲಿದ್ದ ಇಪ್ಪತ್ತರಷ್ಟು ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಸೇರಿಕೊಂಡಿತ್ತು. ಬಂಕಿನವರು ಮೋಸ ಮಾಡಿಲ್ಲ. ಶೇ 20 ಬೆರೆಸುತ್ತೇವೆ ಅಂತ ಸರ್ಕಾರವೇ ಹೇಳಿದೆ, ಅಷ್ಟೇ ಇತ್ತು.

ಮೊದಲಿನ ಪೆಟ್ರೋಲಿಗೆ ನೀರು ಬಿದ್ದರೆ ಅದು ಗೋಲಿಯಂತೆ ತಳದಲ್ಲಿ ಕೂರುತ್ತಿತ್ತು. ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು, ಬಗ್ಗಿಸಿ ಚೆಲ್ಲಿದರೆ ಸರಿ. ಈಗಿನದು ಹಾಗಲ್ಲ. ಎಥೆನಾಲ್ ನೀರನ್ನು ಒಳಗೇ ಹೀರಿಕೊಂಡು ಗುಟ್ಟಾಗಿ ಇಟ್ಟುಕೊಳ್ಳುತ್ತದೆ. ಒಂದು ಮಿತಿಯವರೆಗೆ ಏನೂ ಕಾಣುವುದಿಲ್ಲ. ಲೀಟರಿಗೆ ಕೆಲವೇ ಚಮಚದಷ್ಟು ನೀರು ಸೇರಿದರೆ ಸಾಕು, ನೀರೂ ಎಥೆನಾಲೂ ಜೊತೆಯಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಕಾರಿನವರಿಗೆ ಇದು ಅಷ್ಟು ತಟ್ಟುವುದಿಲ್ಲ, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ತುಂಬಿಸುತ್ತಾರೆ, ಎಂಜಿನ್ನಿಗೆ ಬೇರೆ ಆಯಿಲ್ ಇದೆ. ನಮ್ಮ ಟೂ ಸ್ಟ್ರೋಕಿನ ಗತಿ ಕೇಳಿ. ನಾವು ಲೀಟರಿಗೆ 40 ಎಂ.ಎಲ್. ಲೆಕ್ಕದಲ್ಲಿ ಹಾಕಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದ. ಅಂದರೆ ಎಂಜಿನ್ನಿಗೆ ಹೋಗುವುದು ಜಿಡ್ಡಿಲ್ಲದ ಪದರ. ಅದರ ಮೇಲೆ, ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಸೆಟ್ಟಿಂಗಿನ ಕಾರ್ಬೊರೇಟರಿನಲ್ಲಿ ಮಿಶ್ರಣ ತೆಳುವಾಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿಯಾದ ಹಾಗಾಗಿ) ಎಂಜಿನ್ ಬಿಸಿಯೇರುತ್ತದೆ. ಹಳೇ ಮಿಷನ್‌ಗೆ, ಪೆಟ್ರೋಲ್ ಹರಿವು ನಿಯಂತ್ರಿಸುವ ಜೆಟ್ಟಿನ ಸ್ಕ್ರೂ ಕಾಲು ಸುತ್ತು ಬಿಚ್ಚಿ ಸರಿಮಾಡಬಹುದು. ಹೊಸವುಗಳಲ್ಲಿ ಆ ಸ್ಕ್ರೂಗೇ ಕ್ಯಾಪ್ ಹಾಕಿ ಬಿಗಿದಿರುತ್ತಾರೆ.

ನಮ್ಮ ಮಿಷನ್‌ಗಳು ವರ್ಷದಲ್ಲಿ ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ಮಲಗುವಂಥವು, ಅದೂ ಮಲೆನಾಡಿನ ಮಳೆಯಲ್ಲಿ, ಗೋಡೆಯೇ ಬೆವರುವ ಕೊಟ್ಟಿಗೆಯಲ್ಲಿ. ಹಾಳಾಗಲು ಇನ್ನೇನು ಬೇಕು?

ಕಳೆದ ಎರಡು ಮಳೆಗಾಲದಲ್ಲಿ ನನ್ನ ಅಂಗಡಿಗೆ ಬಂದ ಮಿಷನ್‌ಗಳಲ್ಲಿ ಪೆಟ್ರೋಲ್ ಪೈಪು ಮೆತ್ತಗಾಗಿ ಅಂಟಂಟಾದವು, ಡಯಾಫ್ರಾಮ್ ಹೋದವು ಮೊದಲಿಗಿಂತ ಬಹಳ. ತಂದವರು ಬೈಯುವುದು ಯಾರನ್ನು? ಆಯಿಲ್ ಡೂಪ್ಲಿಕೇಟ್ ಅಂತ ಆಯಿಲ್ ಮಾರಿದವನನ್ನು, ಕೈ ಗಡಸು ಅಂತ ಕೆಲಸದವನನ್ನು, ಕೊನೆಗೆ ಸರಿಯಾಗಿ ರಿಪೇರಿ ಮಾಡಿಲ್ಲ ಅಂತ ನನ್ನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎರಡು ಎಕರೆ ಅಡಿಕೆಯವನಿಗೆ ಒಂದು ಕಳೆ ಮಿಷನ್ ಅಂದರೆ ಒಂದು ಹಸು ಇದ್ದ ಹಾಗೆ. ಅದರ ಪಿಸ್ಟನ್ ಹೋಯಿತು ಅನ್ನುವಾಗ ಅವನ ಮುಖ ನೋಡಬೇಕಾದವನು ನಾನು.

ನನ್ನ 070ರ ಮಟ್ಟಿಗೆ ಏನೋ ಮಾಡಿಕೊಂಡೆ. ಸಿಲಿಂಡರಿಗೆ ಮೆತ್ತಿದ ಅಲ್ಯೂಮಿನಿಯಂ ತೆಗೆಯಲು ಕಕ್ಕಸು ತೊಳೆಯುವ ಆಸಿಡ್ಡನ್ನು ಹತ್ತಿಕಡ್ಡಿಯಲ್ಲಿ ಹನಿ ಹನಿಯಾಗಿ ಮುಟ್ಟಿಸಿದೆ, ಬಯಲಲ್ಲಿ ಕೂತು, ಗಾಳಿಗೆ ಬೆನ್ನು ಕೊಟ್ಟು. ಅಂಚು ದಾಟಿದರೆ ಆಸಿಡ್ ಸಿಲಿಂಡರಿನ ಕ್ರೋಮ್ ಪದರವನ್ನೇ ತಿನ್ನುತ್ತದೆ, ಆಮೇಲೆ ಆ ಸಿಲಿಂಡರ್ ಹೂಕುಂಡಕ್ಕೆ ಸರಿ. ಮೂರು ಸಂಜೆ ಹಿಡಿಯಿತು. ಪಿಸ್ಟನ್ ಗೀರನ್ನು ಎಮರಿಯಲ್ಲಿ ಉಜ್ಜಿ, ರಿಂಗು ಹೊಸದು ಹಾಕಿ ಎಬ್ಬಿಸಿದ್ದೇನೆ. ಮೊದಲಿನ ಬಿಗಿ ಇಲ್ಲ.

ಅದಕ್ಕೆ ಕೊಡುವ ಪೆಟ್ರೋಲಿಗೆ ನೀರು ಹಾಕಿ ಕುಲುಕಿ, ಎಥೆನಾಲ್ ಇಳಿಸಿ, ಮೇಲಿನದನ್ನು ಮಾತ್ರ ಬಸಿದುಕೊಳ್ಳುತ್ತೇನೆ. ಆಕ್ಟೇನ್ (ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದ ಗುಣ) ಸ್ವಲ್ಪ ಇಳಿಯುತ್ತದೆ, ಅಷ್ಟು ಹಳೇ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ. ದಯವಿಟ್ಟು ಇದನ್ನು ಓದಿ ಯಾರೂ ಮನೆಯಲ್ಲಿ ಮಾಡಬೇಡಿ. ಒಂದು ಬೀಡಿಯ ಕಿಡಿ ಸಾಕು. ಕೆಳಗೆ ಉಳಿದ ನೀರನ್ನು ಚೆಲ್ಲಲೂ ಜಾಗವಿಲ್ಲ, ಗಿಡದ ಬುಡಕ್ಕೆ ಹಾಕುವಂಥದ್ದಲ್ಲ. ಅರವತ್ತನಾಲ್ಕು ವರ್ಷದವನು ಹಿತ್ತಲಲ್ಲಿ ಕೂತು ಪೆಟ್ರೋಲ್ ತೊಳೆಯುವ ಸ್ಥಿತಿ ಬಂತಲ್ಲ ಅಂತ ನಗು ಬರುತ್ತದೆ. "ಅಕ್ಕಿ ತೊಳೆದದ್ದು ಸಾಲದು ಅಂತ ಇದೊಂದು" ಅನ್ನುತ್ತಾಳೆ ಹೆಂಡತಿ.

ನಾನು ಎಥೆನಾಲಿನ ವಿರೋಧಿ ಅಂತ ಯಾರೂ ತಿಳಿಯಬಾರದು. ನನ್ನ ತಂಗಿಯನ್ನು ಕೊಟ್ಟಿರುವುದು ಮಂಡ್ಯ ಜಿಲ್ಲೆಗೆ, ಕಬ್ಬು ಬೆಳೆಯುವ ಮನೆಗೆ. ಶೇ 20ರ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದೇ ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. ಅವತ್ತು ಭಾವ ಫೋನ್ ಮಾಡಿ ಖುಷಿಪಟ್ಟಿದ್ದರು. ಅವರ ಕಬ್ಬಿಗೆ ನಾಲ್ಕು ಕಾಸು ಬರಲಿ, ಹೊರದೇಶಕ್ಕೆ ಹೋಗುವ ದುಡ್ಡು ಉಳಿಯಲಿ. ಅದಕ್ಕೆಂದೇ ತಯಾರಾದ ಹೊಸ ಗಾಡಿಗಳು ಅದನ್ನೇ ಕುಡಿಯಲಿ. ಆದರೆ ಅಮೆರಿಕದಲ್ಲಿ ಮಾರುವ ಬಹುತೇಕ ಚೈನ್ ಸಾಗಳ ಕೈಪಿಡಿಯಲ್ಲಿ ಶೇ 10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಅಂತ ಅಚ್ಚು ಹಾಕಿರುತ್ತಾರೆ. ಅಲ್ಲಿನ ಹಳ್ಳಿಗಾಡಿನ ಎಷ್ಟೋ ಬಂಕುಗಳಲ್ಲಿ ದೋಣಿಗೆ, ಹುಲ್ಲು ಕತ್ತರಿಸುವ ಮಿಷನ್‌ಗೆ ಅಂತ ಎಥೆನಾಲ್ ಇಲ್ಲದ ಪೆಟ್ರೋಲಿನ ಪಂಪೇ ಬೇರೆ ಇರುತ್ತದೆ. ಸ್ವೀಡನ್ನಿನಲ್ಲಿ ಇಂಥ ಮಿಷನ್‌ಗೆಂದೇ ತಯಾರಿಸಿದ ಶುದ್ಧ ಪೆಟ್ರೋಲನ್ನು ಕ್ಯಾನಿನಲ್ಲಿ ಮಾರುತ್ತಾರೆ. ಕಾಡಿನ ಕೆಲಸದವರು ಅದನ್ನೇ ಒಯ್ಯುತ್ತಾರೆ.

ನಾವು ಕೇಳುವುದು ಅಷ್ಟು ದೊಡ್ಡದೇನಲ್ಲ. ಮಲೆನಾಡಿನ, ಕೊಡಗಿನ ತಾಲ್ಲೂಕಿಗೊಂದು ಬಂಕಿನಲ್ಲಾದರೂ ಎಥೆನಾಲ್ ಬೆರೆಸದ ಪೆಟ್ರೋಲಿನ ಒಂದು ಪೈಪು ಇರಲಿ. ಲೀಟರಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೂ ಕೊಡುತ್ತೇವೆ. ನಮಗೆ ಬೇಕಾದದ್ದು ಟ್ಯಾಂಕರಲ್ಲ, ಹಂಗಾಮಿಗೆ ಹತ್ತು ಹದಿನೈದು ಲೀಟರ್. ಬಂಕಿನಲ್ಲಿ ಆಗದಿದ್ದರೆ ಗೊಬ್ಬರ ಮಾರುವ ಸಹಕಾರ ಸಂಘಗಳ ಮೂಲಕ ಸೀಲ್ ಮಾಡಿದ ಕ್ಯಾನಿನಲ್ಲಿ ಕೊಡಬಹುದು, ಅದಕ್ಕೆ ಬೇಕಾದ ಪರವಾನಗಿಯ ದಾರಿ ಸರ್ಕಾರವೇ ಮಾಡಿಕೊಡಲಿ. ಅದೂ ಆಗುವವರೆಗೆ ಕನಿಷ್ಠ ಪ್ರತಿ ಪಂಪಿನ ಮೇಲೆ, ಕನ್ನಡದಲ್ಲಿ, ಇದರಲ್ಲಿ ಎಥೆನಾಲ್ ಎಷ್ಟು ಅಂತ ದೊಡ್ಡ ಅಕ್ಷರದಲ್ಲಿ ಬರೆಸಲಿ. ಟೂ ಸ್ಟ್ರೋಕ್ ಮಿಷನ್ ಇರುವವರು ಕಲಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಬಗ್ಗಿಸಿ ಕಾರ್ಬೊರೇಟರ್ ಒಣಗುವವರೆಗೆ ಓಡಿಸಿ ಎತ್ತಿಡಿ ಅಂತ ಇನ್ನೊಂದು ಸಾಲು ಸೇರಿಸಲಿ. ಇದನ್ನು ನಾನು ಅಂಗಡಿಯ ಬಾಗಿಲಿಗೆ ಸುಣ್ಣದಲ್ಲಿ ಬರೆದಿದ್ದೇನೆ. ಓದುವವರು ನನ್ನ ಗಿರಾಕಿಗಳು ಮಾತ್ರ.

ಈ ವಿಷಯ ತೀರ್ಮಾನಿಸುವ ಅಧಿಕಾರಿಗಳು ಯಾರಾದರೂ ಇದನ್ನು ಓದಿ ಇವನದ್ದು ಉತ್ಪ್ರೇಕ್ಷೆ ಅಂದುಕೊಂಡರೆ, ಮರಗಸಿ ಶುರುವಾಗುವ ಮುಂಚೆ ಒಂದು ದಿನ ನಮ್ಮ ಕಡೆ ಬರಲಿ. ಗೀರು ಬಿದ್ದ ಪಿಸ್ಟನ್‌ಗಳನ್ನು ಒಂದು ಬುಟ್ಟಿಯಲ್ಲಿ ಹಾಕಿಟ್ಟಿದ್ದೇನೆ, ಹನ್ನೊಂದು ಇವೆ. ಬರುವ ದಾರಿಯಲ್ಲಿ ತಮಗಿಷ್ಟ ಬಂದ ಬಂಕಿನಿಂದ ನೂರು ಎಂ.ಎಲ್. ಪೆಟ್ರೋಲ್ ತರಲಿ. ನೀರೂ, ಮೊಮ್ಮಗನ ಬಾಟಲಿಯೂ ನನ್ನ ಹತ್ತಿರ ಇವೆ.

ಇಂತಿ,
ಹಳೇ ಮಿಷನ್ ರಿಪೇರಿಯವನು,
ಮೂಡಿಗೆರೆ ತಾಲ್ಲೂಕು